ಸಣ್ಣ ಮೀನೋ, ಮರಿ ಮೀನೋ?

ಓದುಗರ ಪ್ರಶ್ನೆ, ಅಕ್ಕೋರ ಉತ್ತರ

ಮಳೆಗಾಲದ ಬಂದ್ ಮುಗಿದು ಆಗಸ್ಟ್ ಒಂದಕ್ಕೆ ಬೋಟುಗಳು ಕಡಲಿಗಿಳಿದವು. ಅದರ ಬೆನ್ನಿಗೇ ಪತ್ರಗಳೂ ಶುರುವಾದವು. ಹೆಚ್ಚಿನವರು ಮೀನನ್ನು ಗುರುತು ಹಿಡಿಯುವುದು ಹೇಗೆ ಎಂದು ಕೇಳಿದ್ದಾರೆ. ಕೆಲವರಿಗೆ ಕಡಲಲ್ಲಿ ಮೀನು ಮುಗಿದೇ ಹೋಗುತ್ತದಾ ಎಂಬ ಚಿಂತೆ. ನನಗೆ ಇವೆರಡೂ ಒಂದೇ ಪ್ರಶ್ನೆ ಅನ್ನಿಸುತ್ತದೆ. ಯಾಕೆ ಅಂತ ಕುಮಟಾದ ಪತ್ರಕ್ಕೆ ಉತ್ತರಿಸುವಾಗ ಹೇಳುತ್ತೇನೆ.

ಹೊಸ ಓದುಗರಿಗೆ ಎರಡು ಮಾತು. ನಾನು ಹುಟ್ಟಿದ್ದು ಬೇಲೆಕೇರಿಯಲ್ಲಿ. ಅಜ್ಜ ದಡದಿಂದ ಎಳೆಯುವ ದೊಡ್ಡ ರಂಪಣಿ ಬಲೆ ಎಳೆದವರು. ಆಯಿ ಮೀನಿನ ಬುಟ್ಟಿ ತಲೆ ಮೇಲಿಟ್ಟುಕೊಂಡು ಅಂಕೋಲೆ ಪೇಟೆಗೆ ನಡೆದವಳು. ನಾನು ಹೈಸ್ಕೂಲಿನಲ್ಲಿ 32 ವರ್ಷ ವಿಜ್ಞಾನ ಕಲಿಸಿದೆ. ಈಗ ಕಾರವಾರದಲ್ಲಿದ್ದೇನೆ. ದಿನ ಬಿಟ್ಟು ದಿನ ಮೀನು ಪೇಟೆಗೆ ಹೋಗುತ್ತೇನೆ. ಚೀಲದಲ್ಲಿ ಶಾಲೆಯ ಕಾಲದ ಮರದ ಫೂಟ್‌ಪಟ್ಟಿ ಇದ್ದೇ ಇರುತ್ತದೆ.

ಪ್ರಶ್ನೆ: ಅಕ್ಕೋರೇ, ನಮ್ಮ ಓಣಿಗೆ ಬೆಳಿಗ್ಗೆ ಸ್ಕೂಟರಿನಲ್ಲಿ ಮೀನು ಬರುತ್ತದೆ. ಹೋದ ವಾರ ಪಾಪ್ಲೆಟ್ ಎಂದು ತೀರಾ ಕಡಿಮೆ ರೇಟಿಗೆ ಕೊಟ್ಟರು. ತೊಳೆಯಲು ಕೂತರೆ ಅದರ ಬಾಯಲ್ಲಿ ಮನುಷ್ಯರ ಹಾಗೆ ಹಲ್ಲು! ಹೆದರಿ ಚೆಲ್ಲಿಬಿಟ್ಟೆ. ಅದು ಏನಿತ್ತು?
ಗೃಹಿಣಿ, ಶಿರಸಿ

ಚೆಲ್ಲಬೇಕಾಗಿರಲಿಲ್ಲ ತಂಗಿ. ತಿನ್ನಲಿಕ್ಕೆ ಬರುವ ಮೀನೇ ಅದು. ಆದರೆ ಪಾಪ್ಲೆಟ್ ಅಲ್ಲ, ಕಡಲಿನದೂ ಅಲ್ಲ. ಅದರ ಹೆಸರು ರೂಪಚಂದ್. ಮೂಲ ದಕ್ಷಿಣ ಅಮೆರಿಕದ ನದಿಗಳು. ನಮ್ಮ ದೇಶದಲ್ಲಿ ಕೆರೆಗಳಲ್ಲಿ ಸಾಕುತ್ತಾರೆ, ಆಂಧ್ರದ ಕಡೆ ಜಾಸ್ತಿ. ಅಗಲ ಮೈ ನೋಡಿ ಘಟ್ಟದ ಮೇಲಿನವರು ಪಾಪ್ಲೆಟ್ ಎಂದು ತಿಳಿಯುತ್ತಾರೆ. ಮಾರುವವರಲ್ಲೂ ಕೆಲವರು ಹಾಗೇ ಹೇಳಿಬಿಡುತ್ತಾರೆ.

ಮೂರು ಗುರುತು ನೆನಪಿಡಿ. ಒಂದು ಹಲ್ಲು, ಅದನ್ನು ನೀವೇ ನೋಡಿದ್ದೀರಿ. ಎರಡನೆಯದು ಹೊಟ್ಟೆಯ ಕೆಂಪು ಛಾಯೆ. ಮೂರನೆಯದು ಬೆನ್ನಿನ ಮೇಲೆ, ಬಾಲಕ್ಕೆ ಸ್ವಲ್ಪ ಮುಂಚೆ ಇರುವ ಪುಟ್ಟ ಮಾಂಸದ ರೆಕ್ಕೆ. ಬೆರಳಲ್ಲಿ ಮುಟ್ಟಿದರೆ ಮೆತ್ತಗಿರುತ್ತದೆ, ಮುಳ್ಳಿಲ್ಲ. ಪಾಪ್ಲೆಟ್ಟಿಗೆ ಇದು ಇಲ್ಲವೇ ಇಲ್ಲ.

ಬಿಳಿ ಪಾಪ್ಲೆಟ್ಟಿನ ಬಾಯಿ ತೀರಾ ಸಣ್ಣದು, ಮೂತಿ ಮೊಂಡು. ಹೊಟ್ಟೆಯ ಕೆಳಗೆ ಜೋಡಿ ರೆಕ್ಕೆ ಇರುವುದಿಲ್ಲ. ಮೈ ಉಜ್ಜಿದರೆ ಸಣ್ಣ ಹುರುಪೆ ಬೆಳ್ಳಿಪುಡಿಯ ಹಾಗೆ ಕೈಗೆ ಅಂಟುತ್ತದೆ. ಕರಿ ಪಾಪ್ಲೆಟ್ಟನ್ನು ನಮ್ಮಲ್ಲಿ ಹಲ್ವೆ ಅನ್ನುತ್ತಾರೆ. ನಿಜ ಹೇಳಬೇಕೆಂದರೆ ಅದು ಬೇರೆಯೇ ಕುಟುಂಬದ ಮೀನು. ಬಾಲದ ಬುಡದಲ್ಲಿ ಬೆರಳಾಡಿಸಿ, ಗರಗಸದ ಹಾಗೆ ಗಡುಸಾಗಿ ಸಿಗುತ್ತದೆ. ರುಚಿಯಲ್ಲಿ ಅದೇನೂ ಕಡಿಮೆಯಲ್ಲ. ನನ್ನನ್ನು ಕೇಳಿದರೆ ಹುರಿಯಲಿಕ್ಕೆ ಹಲ್ವೆಯೇ ಒಳ್ಳೆಯದು.

ಪ್ರಶ್ನೆ: ಇಸ್ವಾಣದ (ಅಂಜಲ್) ತುಂಡು ಎಂದು ಕೊಡುತ್ತಾರೆ. ಮನೆಯಲ್ಲಿ ಬೇಯಿಸಿದ ಮೇಲೆ ಇಸ್ವಾಣ ಅಲ್ಲ ಅನ್ನಿಸುತ್ತದೆ. ತುಂಡು ನೋಡಿ ಗುರುತಿಸಬಹುದಾ?
ಬ್ಯಾಂಕ್ ನೌಕರ, ಯಲ್ಲಾಪುರ

ತುಂಡು ನೋಡಿ ಹೇಳುವುದು ನನಗೂ ಕಷ್ಟ. ಇಡೀ ಮೀನು ತೋರಿಸಿ ಎನ್ನಿ, ನಿಮ್ಮೆದುರೇ ಕೊಯ್ಯಿಸಿ. ಇಸ್ವಾಣದ ಮೈ ಉದ್ದ, ನುಣುಪು. ಪಕ್ಕೆಯ ಮೇಲಿಂದ ಕೆಳಕ್ಕೆ ಪೆನ್ಸಿಲಿನಲ್ಲಿ ಗೀರಿದ ಹಾಗೆ ಸಣ್ಣ ಸಣ್ಣ ಬಳುಕು ಗೆರೆ. ಕಿವಿರಿನಿಂದ ಬಾಲದವರೆಗೆ ಒಂದು ಗೆರೆ ಹೋಗುತ್ತದಲ್ಲ, ಅದು ಎರಡನೇ ಬೆನ್ನುರೆಕ್ಕೆ ಮುಗಿಯುವಲ್ಲಿ ಥಟ್ಟನೆ ಕೆಳಗೆ ಬಗ್ಗುತ್ತದೆ. ಗೆರೆಗಳ ಬದಲು ಚುಕ್ಕಿ ಇದ್ದರೆ ಅದು ಇಸ್ವಾಣದ್ದೇ ದಾಯಾದಿ. ಅಷ್ಟು ದೊಡ್ಡದಾಗುವುದಿಲ್ಲ, ರುಚಿ ಹತ್ತಿರ ಹತ್ತಿರ ಒಂದೇ.

ಇಸ್ವಾಣದ ಹೆಸರಲ್ಲಿ ಬರುವುದು ಹೆಚ್ಚಾಗಿ ಗೇದರ್, ಅಂದರೆ ಟ್ಯೂನಾ. ಅದರ ಮಾಂಸ ಗಾಢ ಕೆಂಪು, ಇದನ್ನು ಮಾತ್ರ ತುಂಡಿನಲ್ಲೂ ಹೇಳಬಹುದು. ಇನ್ನೊಂದು ಮೋಡ್ಸೊ, ಅಂದರೆ ಕೋಬಿಯಾ. ಚಪ್ಪಟೆ ತಲೆ, ಕಂದುಗಪ್ಪು ಚರ್ಮ, ಬಿಳಿ ಮಾಂಸ. ಇದನ್ನು ಕಾರವಾರದ ಕಡಲಿನಲ್ಲಿ ಪಂಜರದೊಳಗೆ ಸಾಕಿಯೂ ನೋಡಿದ್ದಾರೆ. ಮೋಡ್ಸೊ ಒಳ್ಳೆಯ ಮೀನು. ಅದರ ಹೆಸರಿನಲ್ಲೇ ಮಾರಿದರೆ ಯಾರಿಗೂ ಬೇಸರವಿಲ್ಲ.

ಪ್ರಶ್ನೆ: ಬಂಗಡೆ ತಿಂದ ಅರ್ಧ ಗಂಟೆಗೆ ಮುಖವೆಲ್ಲ ಕೆಂಪಾಗಿ ತುರಿಕೆ ಬಂತು, ತಲೆ ಸಿಡಿಯಿತು. ಇಷ್ಟು ವರ್ಷ ತಿಂದಿದ್ದೇನೆ, ಅಲರ್ಜಿ ಇಲ್ಲ. ಮೀನು ಚೆನ್ನಾಗಿಯೇ ಬೆಂದಿತ್ತು.
ಓದುಗ, ದಾಂಡೇಲಿ

ನೀವು ಮೊದಲು ಡಾಕ್ಟರಿಗೆ ತೋರಿಸಿ. ಅಲರ್ಜಿ ಹೌದೋ ಅಲ್ಲವೋ ಅವರೇ ಹೇಳಬೇಕು. ಆದರೆ ಬಂಗಡೆ, ಗೇದರ್ ಇಂಥ ಮೀನುಗಳಿಗೆ ಒಂದು ಗುಣವಿದೆ. ಹಿಡಿದ ಮೇಲೆ ಐಸ್ ಇಲ್ಲದೆ ಬಿಸಿಲಿಗೆ ಬಿಟ್ಟರೆ ಅದರ ಮಾಂಸದಲ್ಲಿ ಹಿಸ್ಟಮಿನ್ ಎಂಬ ವಸ್ತು ಹುಟ್ಟುತ್ತದೆ. ಅದು ಜಾಸ್ತಿಯಾದರೆ ನೀವು ಬರೆದ ಹಾಗೇ ಆಗುತ್ತದೆ. ಕೆಟ್ಟ ಸಂಗತಿ ಏನೆಂದರೆ ಎಷ್ಟು ಬೇಯಿಸಿದರೂ ಅದು ಹೋಗುವುದಿಲ್ಲ. ಆಮೇಲೆ ಫ್ರಿಜ್ಜಿಗಿಟ್ಟರೂ ಹೋಗುವುದಿಲ್ಲ. ಮೊದಲಿನಿಂದ ತಂಪಿನಲ್ಲಿಡುವುದೊಂದೇ ದಾರಿ. ಕರಾವಳಿಯಿಂದ ದಾಂಡೇಲಿಗೆ ಮೀನು ಬರಬೇಕಾದರೆ ದೂರ ಎಷ್ಟು, ಹೊತ್ತು ಎಷ್ಟು ನೋಡಿ. ಐಸ್ ಕರಗಿ ಬರೀ ನೀರಾದ ಪೆಟ್ಟಿಗೆಯಿಂದ ಬಂಗಡೆ ಕೊಳ್ಳಬೇಡಿ.

ಆಯಿ ಮೀನು ಕೊಳ್ಳುವಾಗ ಕಣ್ಣನ್ನು ನೋಡುತ್ತಿದ್ದಳು. ಕಣ್ಣು ಉಬ್ಬಿ ಹೊಳೆಯಬೇಕು. ಗುಳಿ ಬಿದ್ದು ಹಾಲು ಹಾಕಿದ ಹಾಗಿದ್ದರೆ ಮುಂದಿನ ಬುಟ್ಟಿಗೆ ಹೋಗುತ್ತಿದ್ದಳು. ಆಮೇಲೆ ಕಿವಿರು ಎತ್ತಿ ನೋಡಬೇಕು, ಕೆಂಪಿರಬೇಕು. ಹೆಬ್ಬೆರಳಲ್ಲಿ ಬೆನ್ನು ಒತ್ತಬೇಕು, ಒತ್ತಿದ ಕುಳಿ ಕೂಡಲೇ ಏಳಬೇಕು. ತಾಜಾ ಬಂಗಡೆಯನ್ನು ತಲೆ ಹಿಡಿದು ಅಡ್ಡ ಎತ್ತಿದರೆ ಬಾಲ ಜೋತು ಬೀಳುವುದಿಲ್ಲ. ವಾಸನೆ ಕಡಲಿನದಿರಬೇಕು, ಮೀನಿನದಲ್ಲ. ಇದನ್ನು ಆಯಿ ಹೇಳುತ್ತಿದ್ದಳು. ಚಿಕ್ಕವಳಿದ್ದಾಗ ನನಗೆ ಅರ್ಥವಾಗುತ್ತಿರಲಿಲ್ಲ, ಈಗ ಆಗುತ್ತದೆ.

ಪ್ರಶ್ನೆ: ನನಗೆ ಸಣ್ಣ ಮೀನು ಇಷ್ಟ. ಇತ್ತೀಚೆಗೆ ಪೇಟೆಯಲ್ಲಿ ಬಂಗಡೆ, ತಾರ್ಲೆ (ಬೂತಾಯಿ) ಎಲ್ಲವೂ ಸಣ್ಣ ಸಣ್ಣದೇ ಬರುತ್ತಿವೆ. ಸಣ್ಣದನ್ನು ತಿಂದರೆ ಕಡಲು ಬರಿದಾಗುತ್ತದೆ ಎಂದು ನನ್ನ ಗೆಳತಿ ಬೈಯುತ್ತಾಳೆ. ನಾನು ಮಾಡುತ್ತಿರುವುದು ತಪ್ಪಾ?
ಯುವತಿ, ಕುಮಟಾ

ಒಳ್ಳೆಯ ಪ್ರಶ್ನೆ ಕೇಳಿದೆ ಮಗಾ. ನಿನ್ನ ಗೆಳತಿ ಅರ್ಧ ಸರಿ. ಸಣ್ಣ ಮೀನು ಬೇರೆ, ಮರಿ ಮೀನು ಬೇರೆ.

ಬೆರಳುದ್ದದ, ಮೈಮೇಲೆ ಬೆಳ್ಳಿ ಪಟ್ಟಿ ಎಳೆದ ಮೀನು ಬರುತ್ತದಲ್ಲ, ಮಂಗಳೂರಿನ ಕಡೆ ಕೊಲ್ಲತರು ಅನ್ನುತ್ತಾರೆ. ಅದು ಹುಟ್ಟಿದ್ದೇ ಸಣ್ಣದಾಗಿರಲಿಕ್ಕೆ. ಬೆರಳುದ್ದಕ್ಕೇ ಅದು ದೊಡ್ಡದಾಯಿತು, ಮೊಟ್ಟೆಯನ್ನೂ ಇಟ್ಟಾಯಿತು. ಅದನ್ನು ಧಾರಾಳ ತಿನ್ನು. ಮುಳ್ಳು ಸಮೇತ ತಿನ್ನಬಹುದು, ಸುಣ್ಣದ ಅಂಶ ಸಿಗುತ್ತದೆ. ಆದರೆ ಅಷ್ಟೇ ಉದ್ದದ ಇಸ್ವಾಣ ಇದ್ದರೆ ಅದು ಶಿಶು. ಇಬ್ಬರನ್ನೂ ಒಂದೇ ತಟ್ಟೆಯಲ್ಲಿಟ್ಟು ಸಣ್ಣ ಮೀನು ಎಂದು ಕರೆದರೆ ಆಗುವುದೇನು? ಮರಿ ಮಾಯವಾದದ್ದು ಯಾರ ಕಣ್ಣಿಗೂ ಬೀಳುವುದಿಲ್ಲ. ಹೆಸರು ಗೊತ್ತಿದ್ದವರಿಗೆ ಮಾತ್ರ ಇದು ಬೆಳೆಯಬೇಕಿತ್ತು ಎಂದು ಹೊಳೆಯುತ್ತದೆ. ಗುರುತು ಹಿಡಿಯುವುದೂ ಮೀನು ಉಳಿಯುವುದೂ ಒಂದೇ ಪ್ರಶ್ನೆ ಅಂದದ್ದು ಇದಕ್ಕೇ.

ಫೂಟ್‌ಪಟ್ಟಿ ಒಯ್ಯುವುದು ಎಲ್ಲರಿಗೂ ಆಗುವುದಿಲ್ಲ. ನಿನ್ನ ಗೇಣು ಸಾಕು. ಹೆಬ್ಬೆರಳಿನಿಂದ ಕಿರುಬೆರಳಿನವರೆಗೆ ಚಾಚಿ ಮನೆಯಲ್ಲಿ ಒಮ್ಮೆ ಅಳೆದುಕೋ. ನನ್ನ ಗೇಣು 19 ಸೆಂಟಿಮೀಟರ್. ಬಂಗಡೆ ಮೊದಲ ಸಲ ಮೊಟ್ಟೆಗೆ ಬರುವುದು ಹೆಚ್ಚುಕಡಿಮೆ ಈ ಅಳತೆಗೆ. ಮೂತಿಯಿಂದ ಬಾಲದ ತುದಿಗೆ ಒಂದು ಗೇಣು ತುಂಬದ ಬಂಗಡೆ ಇನ್ನೂ ಒಂದು ಮರಿಯನ್ನೂ ಕಡಲಿಗೆ ಕೊಟ್ಟಿಲ್ಲ ಎಂದು ತಿಳಿ. ತಾರ್ಲೆಗೆ ಗೇಣಿಗಿಂತ ಎರಡು ಬೆರಳು ಕಡಿಮೆ. ಇಸ್ವಾಣಕ್ಕೆ ನಾಲ್ಕು ಗೇಣು.

ನಾಲ್ಕು ಗೇಣು! ನಮ್ಮ ಪೇಟೆಯಲ್ಲಿ ಒಂದೂವರೆ ಗೇಣಿನ ಇಸ್ವಾಣ ಸಾಲಾಗಿ ಜೋಡಿಸಿಟ್ಟಿರುತ್ತಾರೆ. ಇಡೀದಾಗಿ ಹುರಿಯಲಿಕ್ಕೆ ಚಂದ ಎಂದು ಜನ ಕೊಳ್ಳುತ್ತಾರೆ. ಅದು ಒಂದೊಂದೂ ಕಾಲು ಕಿಲೋ ತೂಗುವುದಿಲ್ಲ. ಇನ್ನೆರಡು ವರ್ಷ ಬಿಟ್ಟಿದ್ದರೆ ಎರಡು ಮೂರು ಕಿಲೋ ಆಗುತ್ತಿತ್ತು. ಹಿಡಿದವನಿಗೂ ನಷ್ಟ, ತಿಂದವರಿಗೂ ನಷ್ಟ. ನೋಡಿದಾಗೆಲ್ಲ ನನಗೆ ಹೊಟ್ಟೆ ಉರಿಯುತ್ತದೆ.

ಕೇರಳದವರು 2015ರಲ್ಲಿ ಇದಕ್ಕೆ ಕಾನೂನನ್ನೇ ತಂದರು. 10 ಸೆಂಟಿಮೀಟರಿಗಿಂತ ಸಣ್ಣ ತಾರ್ಲೆ, 14ಕ್ಕಿಂತ ಸಣ್ಣ ಬಂಗಡೆ ಹಿಡಿಯುವಂತಿಲ್ಲ. ಈ ಅಳತೆ ನನ್ನ ಗೇಣಿಗಿಂತ ಕಡಿಮೆ, ನೋಡಿದೆಯಲ್ಲ. ಕಾನೂನು ಹೇಳುವುದು ಇದಕ್ಕಿಂತ ಕೆಳಗೆ ಬೇಡವೇ ಬೇಡ ಎಂದು. ನಾವು ಅದಕ್ಕಿಂತ ಒಂದು ಹೆಜ್ಜೆ ಮೇಲೆ ನಿಲ್ಲಬಹುದು. ಅವರು ಹಾಗೆ ಮಾಡಿದ್ದಕ್ಕೆ ಕಾರಣವೂ ಇತ್ತು. 2012ರಲ್ಲಿ ಕೇರಳದಲ್ಲಿ ಸುಮಾರು 4 ಲಕ್ಷ ಟನ್ ತಾರ್ಲೆ ಸಿಕ್ಕಿತ್ತು. ಅಲ್ಲಿಂದ ಇಳಿಯತೊಡಗಿತು. ಕಾನೂನು ಬಂದ ಮೇಲೂ ಚೇತರಿಸದೆ 2021ರಲ್ಲಿ ಸಿಕ್ಕಿದ್ದು 3,297 ಟನ್. ಮೀನು ಹಿಡಿದವರದಷ್ಟೇ ತಪ್ಪು ಎನ್ನುವಂತಿಲ್ಲ. ಕಡಲು ಬಿಸಿಯಾಗಿತ್ತು, ಪೆಸಿಫಿಕ್ ಸಾಗರ ಬಿಸಿಯಾಗಿ ಹವೆ ಏರುಪೇರಾಗುವ ಎಲ್ ನಿನೋ ಇತ್ತು, ಮಳೆ ಹದ ತಪ್ಪಿತ್ತು. ಆದರೆ ಮನೆಯಲ್ಲಿ ಜ್ವರ ಬಂದವರಿದ್ದಾಗ ಅವರ ಕೈಯಲ್ಲೇ ಕೆಲಸ ಮಾಡಿಸುತ್ತೇವಾ?

ನೀನು ಮಾಡಬೇಕಾದ್ದು ಇಷ್ಟೇ. ಈ ಅಳತೆ ತುಂಬದ ಬಂಗಡೆ, ತಾರ್ಲೆ, ಇಸ್ವಾಣ ಕೊಳ್ಳಬೇಡ. ಯಾಕೆ ಬೇಡ ಎಂದು ಮಾರುವ ಅಕ್ಕನಿಗೆ ಬಾಯಿ ಬಿಟ್ಟು ಹೇಳು, ಅವಳು ನಾಳೆ ಹರಾಜಿನಲ್ಲಿ ಅದನ್ನು ನೆನೆಯುತ್ತಾಳೆ. ಜಗಳ ಮಾಡಬೇಡ. ಅವಳೂ ನನ್ನ ಆಯಿಯ ಹಾಗೆ ಸಂಜೆಯೊಳಗೆ ಬುಟ್ಟಿ ಖಾಲಿ ಮಾಡಿ ಮನೆಗೆ ಹೋಗಬೇಕಾದವಳು.

ಪ್ರಶ್ನೆ: ಮೊದಲು ನಮ್ಮಲ್ಲಿ ಸಾಂಗಟ ಮೀನು ರಾಶಿ ರಾಶಿ ಬರುತ್ತಿತ್ತು. ಮೀಸೆಯ ಮೀನು. ಈಗ ಕಣ್ಣಿಗೇ ಅಪರೂಪ. ಎಲ್ಲಿ ಹೋಯಿತು?
ಹಿರಿಯ ಓದುಗರು, ಅಂಕೋಲಾ

ಕಾಕಾ, ನಿಮ್ಮ ವಯಸ್ಸಿನವರೇ ಇದನ್ನು ಕೇಳಬೇಕು. ಚಿಕ್ಕವರಿಗೆ ಅದು ಇತ್ತೆಂಬುದೇ ಗೊತ್ತಿಲ್ಲ.

ಸಾಂಗಟದಲ್ಲಿ ಮೊಟ್ಟೆ ಕಾಯುವವನು ಗಂಡು. ಹೆಣ್ಣು ಇಟ್ಟ ಮೊಟ್ಟೆಗಳನ್ನು ಅವನು ಬಾಯಲ್ಲಿ ತುಂಬಿಕೊಳ್ಳುತ್ತಾನೆ. ಒಂದೊಂದು ಮೊಟ್ಟೆಯೂ ಗೋಲಿಯಷ್ಟು. ಮರಿಯಾಗಿ ಈಜುವವರೆಗೆ ಅವನು ಏನೂ ತಿನ್ನುವುದಿಲ್ಲ. ಅಷ್ಟು ದೊಡ್ಡ ಮೊಟ್ಟೆ ಸಾವಿರಗಟ್ಟಲೆ ಆಗುವುದಿಲ್ಲ, ಒಂದು ಬಾಯಿಗೆ ಹಿಡಿಯುವಷ್ಟೇ. ಬಂಗಡೆಯ ಹಾಗೆ ಕಳೆದದ್ದನ್ನು ಬೇಗ ತುಂಬಿಕೊಳ್ಳುವ ಜಾತಿ ಅದಲ್ಲ.

1970ರ ದಶಕದ ಮಧ್ಯದಲ್ಲಿ ನಮ್ಮ ಕರಾವಳಿಗೆ ಪರ್ಸಿನ್ ಬಲೆ ಬಂತು. ಹಿಂಡನ್ನು ಸುತ್ತುವರಿದು, ಕೆಳಗಿನ ಹಗ್ಗ ಎಳೆದು ಚೀಲದ ಬಾಯಿಯ ಹಾಗೆ ಮುಚ್ಚುವ ಬಲೆ. ಅದರೊಳಗೆ ಮೊಟ್ಟೆ ಹೊತ್ತ ಗಂಡು ಸಾಂಗಟದ ಹಿಂಡುಗಳೇ ಬಿದ್ದವು. ನಾನಾಗ ಕೆಲಸಕ್ಕೆ ಸೇರಿದ ಹೊಸತು. ಒಂದು ಭಾನುವಾರ ಬೇಲೆಕೇರಿಯ ದಡದಲ್ಲಿ ನೋಡಿದ್ದು ಇವತ್ತಿಗೂ ಕಣ್ಣ ಮುಂದಿದೆ. ಬೋಟಿನ ಹಲಗೆಯ ಮೇಲೆ ಹಳದಿ ಗೋಲಿಗಳು ಉರುಳಾಡುತ್ತಿದ್ದವು. ಬಲೆ ಎಳೆಯುವಾಗ ಉಸಿರು ಕಟ್ಟಿ ಮೀನುಗಳು ಬಾಯಿ ಬಿಟ್ಟಿದ್ದವು, ಮೊಟ್ಟೆ ಚೆಲ್ಲಿತ್ತು. ಒಂದನ್ನು ಎತ್ತಿ ಬೆಳಕಿಗೆ ಹಿಡಿದೆ. ಒಳಗೆ ಎರಡು ಕಪ್ಪು ಕಣ್ಣು ಕಾಣುತ್ತಿತ್ತು. ಹುಡುಗರು ಕಾಲಿಗೆ ಸಿಕ್ಕಿದ್ದನ್ನು ತುಳಿದುಕೊಂಡು ಓಡಾಡುತ್ತಿದ್ದರು. ಯಾರಿಗೂ ಕೆಟ್ಟ ಮನಸ್ಸಿರಲಿಲ್ಲ, ಹೇಳಿದವರೂ ಇರಲಿಲ್ಲ. ಮರುದಿನ ನಾನು ನಾಲ್ಕು ಮೊಟ್ಟೆ ಬಾಟಲಿಯಲ್ಲಿ ಹಾಕಿ ಕ್ಲಾಸಿಗೆ ಒಯ್ದೆ. ವಿಜ್ಞಾನಿಗಳೂ ಆಗಲೇ ಇದನ್ನು ಬರೆದಿಟ್ಟು ಎಚ್ಚರಿಸಿದರು. ಆದರೆ ಕೆಲವೇ ವರ್ಷಗಳಲ್ಲಿ ಸಾಂಗಟದ ರಾಶಿ ಕರಗಿತು. ನೀವು ಕೇಳಿದ ಪ್ರಶ್ನೆಗೆ ಉತ್ತರ ಇದು ಕಾಕಾ.

ಪ್ರಶ್ನೆ: ನನ್ನ ಅಪ್ಪ ಟ್ರಾಲರಿನಲ್ಲಿ ದುಡಿಯುತ್ತಾರೆ. ಕಾಲೇಜಿನಲ್ಲಿ ಎಲ್ಲರೂ ಟ್ರಾಲರಿನವರೇ ಕಡಲು ಹಾಳು ಮಾಡಿದ್ದು ಅನ್ನುತ್ತಾರೆ. ಕೇಳಲಿಕ್ಕೆ ಕಷ್ಟವಾಗುತ್ತದೆ. ನಿಜವಾಗಿ ತಪ್ಪು ಯಾರದ್ದು ಅಕ್ಕೋರೇ?
ವಿದ್ಯಾರ್ಥಿ, ಕಾರವಾರ

ತಮ್ಮಾ, ನಿನ್ನ ಪತ್ರ ಎರಡು ಸಲ ಓದಿದೆ. ನನ್ನ ಬಳಿ ಕಲಿತ ಹುಡುಗರಲ್ಲಿ ಎಷ್ಟೋ ಮಂದಿ ಇವತ್ತು ಬೋಟಿನಲ್ಲಿದ್ದಾರೆ. ವಾರ, ಹತ್ತು ದಿನ ಮನೆ ಬಿಟ್ಟು ಕಡಲಲ್ಲಿರುತ್ತಾರೆ. ಡೀಸೆಲ್, ಐಸ್, ಸಾಲದ ಕಂತು ಎಲ್ಲ ಕಳೆದು ಉಳಿದದ್ದರಲ್ಲಿ ಪಾಲು. ಬಲೆ ಯಾವುದಿರಬೇಕು ಎಂದು ನಿನ್ನ ಅಪ್ಪನನ್ನು ಯಾರೂ ಕೇಳುವುದಿಲ್ಲ. ಹಾಗಾಗಿ ನಿನ್ನ ಅಪ್ಪ ತಲೆ ತಗ್ಗಿಸಬೇಕಾಗಿಲ್ಲ.

ಆದರೆ ಬಲೆಯಲ್ಲಿ ತಪ್ಪಿದೆ, ಅದನ್ನು ಮುಚ್ಚಿಡುವುದು ನಿನಗೂ ಒಳ್ಳೆಯದಲ್ಲ. ಬೋಟಿನ ಹಿಂದೆ ಎಳೆದೊಯ್ಯುವ ಟ್ರಾಲ್ ಬಲೆಯ ಕೊನೆಯ ಚೀಲದ ಕಣ್ಣು 35 ಮಿಲಿಮೀಟರಿಗಿಂತ ಸಣ್ಣದಿರಬಾರದು ಎಂದು ನಿಯಮವಿದೆ. ಆ ಕಣ್ಣಿನಿಂದ ಮರಿ ನುಸುಳಿ ಹೋಗಲಿ ಎಂದು ಅದು. ಕಣ್ಣು ಸಣ್ಣದಾದರೆ ಬರುವುದನ್ನು ನಾನು ಕಾರವಾರದ ಬೈತಖೋಲ ಬಂದರಿನಲ್ಲಿ ಕೈಯಾರೆ ಎಣಿಸಿದ್ದೇನೆ. ಒಂದು ಬೆಳಿಗ್ಗೆ ಲಾರಿಗೆ ಸಲಿಕೆಯಲ್ಲಿ ತುಂಬುತ್ತಿದ್ದರು. ಐಸ್ ಇಲ್ಲ, ಬುಟ್ಟಿ ಇಲ್ಲ, ಮಣ್ಣು ತುಂಬಿದ ಹಾಗೆ. ಮೀನು ಹಿಟ್ಟಿನ ಕಾರ್ಖಾನೆಗೆ ಹೋಗುವ ಮಾಲು. ಒಂದು ಬೊಗಸೆ ಕೇಳಿ ಪಡೆದು ಪೇಪರಿನ ಮೇಲೆ ಹರಡಿದೆ. ಬೆರಳುದ್ದದ ರಾಣಿ ಮೀನು ಒಂಬತ್ತು. ಎಲೆಯಷ್ಟು ತೆಳ್ಳಗಿನ ಲೇಪೆ ನಾಲ್ಕು. ಉಗುರಿನಷ್ಟಿದ್ದ ಏಡಿ, ಹೆಬ್ಬೆರಳಿನಷ್ಟಿದ್ದ ಮಾಣಕಿ (ಸ್ಕ್ವಿಡ್). ಹೆಸರು ಹೇಳಲಾಗದಷ್ಟು ಎಳೆಯವು ಇನ್ನೆಷ್ಟೋ. ಪಟ್ಟಿ ಇಟ್ಟರೆ ಒಂದೂ 12 ಸೆಂಟಿಮೀಟರ್ ಮುಟ್ಟಲಿಲ್ಲ. ಹಿಟ್ಟು ಮಾಡಿದ ಮೇಲೆ ಅದು ಸೀಗಡಿ ಕೆರೆಗೋ ಕೋಳಿ ಫಾರ್ಮಿಗೋ ಹೋಗುತ್ತದೆ. ಆ ಬೊಗಸೆಯನ್ನು ಫೋಟೋ ತೆಗೆದು, ಅಳತೆ ಬರೆದು ಒಂದು ಕಚೇರಿಗೆ ಕೊಟ್ಟೆ. ಮೂರು ಸಲ ಹೋದೆ. ಇಟ್ಟು ಹೋಗಿ ನೋಡುತ್ತೇವೆ ಅಂದರು. ಇವತ್ತಿನವರೆಗೆ ಉತ್ತರ ಬಂದಿಲ್ಲ. ನಾನು ಮತ್ತೆ ಹೋಗುತ್ತೇನೆ.

ಇನ್ನೊಂದು, ಬೆಳಕಿನ ಮೀನುಗಾರಿಕೆ. ರಾತ್ರಿ ಜನರೇಟರ್ ಇಟ್ಟು ದೊಡ್ಡ ಎಲ್‌ಇಡಿ ದೀಪ ಬಿಟ್ಟರೆ ದೂರದ ಮೀನೂ ಬೆಳಕಿಗೆ ಬಂದು ಸೇರುತ್ತದೆ. ಮರಿ, ದೊಡ್ಡದು ಎಂಬ ಭೇದವಿಲ್ಲದೆ ಒಂದೇ ಸುತ್ತಿಗೆ ಎಲ್ಲವೂ ಬಲೆಗೆ. ಎರಡು ಬೋಟು ಜೊತೆಯಾಗಿ ಒಂದೇ ಬಲೆ ಎಳೆಯುವ ಬುಲ್ ಟ್ರಾಲಿಂಗ್ ಅಂತೂ ತಳವನ್ನೇ ಗುಡಿಸುತ್ತದೆ. ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ದೂರದ ಕಡಲಿನಲ್ಲಿ ಎರಡನ್ನೂ ನಿಷೇಧಿಸಿತು. ದಡದಿಂದ 12 ನಾಟಿಕಲ್ ಮೈಲಿಯವರೆಗೆ ರಾಜ್ಯದ ಕಾನೂನು ನಡೆಯುತ್ತದೆ, ನಮ್ಮದು 1986ರ ಕಾಯ್ದೆ. ಕಾನೂನು ಎರಡೂ ಕಡೆ ಇದೆ. ಆದರೂ ರಾತ್ರಿ ದಡದಲ್ಲಿ ನಿಂತರೆ ದೂರದಲ್ಲಿ ಬೆಳ್ಳಗೆ ಬೆಳಕು ಕಾಣುತ್ತದೆ ಎಂದು ನಾಡದೋಣಿಯವರು ಈಗಲೂ ಹೇಳುತ್ತಾರೆ.

ರಂಪಣಿಯ ಕಾಲ ಪೂರಾ ಒಳ್ಳೆಯದಿತ್ತು ಎಂದು ನಾನು ಹೇಳುವುದಿಲ್ಲ. ದಡದ ಬಲೆಯಲ್ಲೂ ಮರಿ ಬೀಳುತ್ತಿತ್ತು. ಆದರೆ ಅಜ್ಜನ ಬಲೆಗೆ ಒಂದು ಮಿತಿ ಇತ್ತು. ಎಂಬತ್ತು ಜನ ಸೇರಿ ಎಳೆಯುವ ಬಲೆ ಅದು, ದಡಕ್ಕೆ ತಾನಾಗಿ ಬಂದ ಹಿಂಡು ಮಾತ್ರ ಅದಕ್ಕೆ ಸಿಗುತ್ತಿತ್ತು. ಬರದಿದ್ದರೆ ಇಲ್ಲ. ಬಂಗಡೆಯ ದೊಡ್ಡ ಹಿಂಡು ಸಿಕ್ಕಿದರೆ ನೀರಿನಲ್ಲೇ ಬಲೆ ಕಟ್ಟಿ ನಿಲ್ಲಿಸಿ, ಪೇಟೆಗೆ ಬೇಕಾದಷ್ಟನ್ನೇ ಎರಡು ಮೂರು ದಿನ ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತಿದ್ದರು. ಹಗ್ಗ ಹಿಡಿದ ವಿಧವೆಗೂ ಪಾಲಿತ್ತು. ಈಗ ನಾವು ಮೀನಿದ್ದಲ್ಲಿಗೇ ಹೋಗುತ್ತೇವೆ. ಅದಕ್ಕೆ ಅಡಗಲು ಜಾಗ ಉಳಿದಿಲ್ಲ.

ನಿನ್ನ ಅಪ್ಪನ ಹತ್ತಿರ ಕೇಳು ತಮ್ಮಾ, ಹತ್ತು ವರ್ಷದ ಹಿಂದೆ ಎಷ್ಟು ದೂರ ಹೋಗುತ್ತಿದ್ದರು, ಈಗ ಎಷ್ಟು ದೂರ ಹೋಗುತ್ತಾರೆ ಎಂದು. ಕಾಲೇಜಿನಲ್ಲಿ ಮಾತಾಡುವವರಿಗಿಂತ ಅವರಿಗೆ ಜಾಸ್ತಿ ಗೊತ್ತು. ಬರೆದುಕೋ. ನನಗೂ ಕಳಿಸು.

ಪ್ರಶ್ನೆ: ಕಾರ್ಗಿಲ್ ಮೀನು ತಿನ್ನಬಹುದಾ? ಹೊಟ್ಟೆ ಊದಿಕೊಳ್ಳುವ ಮೀನೂ ಬಲೆಗೆ ಬೀಳುತ್ತಿದೆ, ಅದು?
ನಾಡದೋಣಿ ಮೀನುಗಾರ, ಹೊನ್ನಾವರ

ಕಾರ್ಗಿಲ್, ಅಂದರೆ ಟ್ರಿಗರ್ ಫಿಶ್, ತಿನ್ನಬಹುದು. ಚರ್ಮ ತೊಗಲಿನ ಹಾಗೆ ದಪ್ಪ, ಅದನ್ನು ಸುಲಿಯಬೇಕು. ಮೀನು ಹಿಟ್ಟಿಗೆ ಕೊಡುವುದಕ್ಕಿಂತ ಸುಲಿದು ಮಾರಿ ನೋಡಿ. ಊದಿಕೊಳ್ಳುವ ಮೀನು ಮಾತ್ರ ಬೇಡವೇ ಬೇಡ ಅಣ್ಣ. ಅದರ ಪಿತ್ತಜನಕಾಂಗ, ಮೊಟ್ಟೆಗಳಲ್ಲಿ ಜೀವ ತೆಗೆಯುವ ವಿಷ ಇರುತ್ತದೆ. ಬೇಯಿಸಿದರೂ ಹೋಗುವುದಿಲ್ಲ. ಮಕ್ಕಳ ಕೈಗೂ, ಬೆಕ್ಕಿನ ಬಾಯಿಗೂ ಸಿಗದ ಹಾಗೆ ಹೂಳಿಬಿಡಿ.

ಪ್ರಶ್ನೆ: ಜೂನ್, ಜುಲೈನಲ್ಲಿ ಮೀನು ತಿನ್ನುವುದು ಸರಿಯಾ? ಆಗ ಬಂದ್ ಇರುತ್ತದಲ್ಲ?
ಶಿಕ್ಷಕಿ, ಶಿರಸಿ

ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಬಂದ್. ಮಳೆಗಾಲದಲ್ಲಿ ತುಂಬಾ ಮೀನುಗಳು ಮೊಟ್ಟೆ ಇಡುತ್ತವೆ, ಕಡಲೂ ಅಪಾಯದ್ದು. ನಾಡದೋಣಿಯವರಿಗೆ ನಿಷೇಧವಿಲ್ಲ. ಅವರು ಬೀಡುಬಲೆ, ಗಾಳದಲ್ಲಿ ತಂದದ್ದನ್ನು ಧಾರಾಳವಾಗಿ ಕೊಳ್ಳಿ. ಅವರ ಮನೆ ನಡೆಯುವುದೇ ಅದರಿಂದ. ಉಳಿದಂತೆ ನಮ್ಮ ಹಿರಿಯರು ಒಣಮೀನು ಇಟ್ಟುಕೊಳ್ಳುತ್ತಿದ್ದರು. ಬೇಸಿಗೆಯಲ್ಲೇ ಒಣಗಿಸಿ ಮಡಕೆಗೆ ತುಂಬುತ್ತಿದ್ದರು. ಗಂಜಿಯ ಜೊತೆ ಸುಟ್ಟ ಒಣ ಬಂಗಡೆ, ಸ್ವಲ್ಪ ಕಾಯಿತುರಿ, ಒಂದೆರಡು ಜುಮ್ಮನಕಾಯಿ. ಮಳೆ ಹೊಯ್ಯುವಾಗ ಅದಕ್ಕಿಂತ ಬೇರೆ ಏನು ಬೇಕು?

ನಿಮ್ಮ ಘಟ್ಟದ ಮೇಲಿನ ಒಂದು ಸಂಗತಿಯನ್ನೂ ಹೇಳಲೇಬೇಕು. ಮೊದಲ ಮಳೆಗೆ ಹಳ್ಳ ತುಂಬಿದಾಗ ಹತ್ತುಮೀನು ಹೊಡೆಯಲಿಕ್ಕೆ ಊರಿಗೂರೇ ಹೊರಡುತ್ತದೆ. ಅವು ಹತ್ತುವುದು ಮೊಟ್ಟೆ ಇಡಲಿಕ್ಕೆ. ಹೊಟ್ಟೆ ತುಂಬಿದ ಮೀನೇ ಕೈಗೆ ಸಿಗುವುದು. ಕಡಲಿಗೆ 61 ದಿನ ಬಂದ್ ಇದೆ, ಹಳ್ಳಕ್ಕೆ ಮೊದಲ ಒಂದು ವಾರವಾದರೂ ನೀವೇ ಊರಲ್ಲಿ ಮಾತಾಡಿ ಬಂದ್ ಮಾಡಬಹುದಲ್ವಾ? ನೀವು ಶಿಕ್ಷಕಿ, ನಿಮ್ಮ ಮಾತು ಮಕ್ಕಳ ಮೂಲಕ ಮನೆಗೆ ಹೋಗುತ್ತದೆ.

ಬಳಚಿನ, ಅಂದರೆ ಚಿಪ್ಪುಮೀನಿನ, ಬಗ್ಗೆಯೂ ನಿಮ್ಮ ಪತ್ರದಲ್ಲಿ ಕೇಳಿದ್ದೀರಿ. ಅಘನಾಶಿನಿ ಅಳಿವೆಗೆ 2024ರಲ್ಲಿ ರಾಮ್ಸರ್ ಮಾನ್ಯತೆ, ಅಂದರೆ ಮಹತ್ವದ ಜೌಗು ಪ್ರದೇಶ ಎಂಬ ಅಂತಾರಾಷ್ಟ್ರೀಯ ಮಾನ್ಯತೆ, ಸಿಕ್ಕಿದೆ. ಅಲ್ಲಿ ಇಳಿತದ ಹೊತ್ತಿಗೆ ಎದೆಮಟ್ಟ ನೀರಿನಲ್ಲಿ ನಿಂತು ಬಳಚು ಹೆಕ್ಕುವ ಹೆಂಗಸರಿಂದಲೇ ಕೊಳ್ಳಿ. ದೊಡ್ಡ ಚಿಪ್ಪಿನದನ್ನೇ ಆರಿಸಿ. ಗುಂಡಿಯಷ್ಟಿರುವ ಬಳಚಿನಲ್ಲಿ ತಿನ್ನಲಿಕ್ಕೆ ಏನೂ ಇರುವುದಿಲ್ಲ.

ಪ್ರಶ್ನೆ: ಅಕ್ಕೋರೇ, ಕಡಲು ಮೇಲಿಂದ ನೋಡಿದರೆ ಬರೀ ನೀರು. ಒಳಗೆ ಮೀನು ಎಲ್ಲಿದೆ ಎಂದು ಹೇಗೆ ಗೊತ್ತಾಗುತ್ತದೆ?
ಏಳನೇ ತರಗತಿ, ಶಿರಸಿ

ಪುಟ್ಟಾ, ಈಗ ಬೋಟುಗಳಲ್ಲಿ ಯಂತ್ರ ಇದೆ. ಅದು ನೀರಿನೊಳಗೆ ಶಬ್ದ ಕಳಿಸಿ, ವಾಪಸ್ ಬಂದದ್ದನ್ನು ಪರದೆಯ ಮೇಲೆ ತೋರಿಸುತ್ತದೆ. ನನ್ನ ಅಜ್ಜನ ಹತ್ತಿರ ಅದಿರಲಿಲ್ಲ.

ಹಗಲಲ್ಲಿ ಅವರು ಹಕ್ಕಿಗಳನ್ನು ನೋಡುತ್ತಿದ್ದರು. ಕಡಲಕಾಗೆಗಳು ಒಂದೇ ಕಡೆ ಸುತ್ತಿ ಸುತ್ತಿ ಧುಮುಕಿದರೆ ಕೆಳಗೆ ತಾರ್ಲೆ ಇದೆ. ನೀರಿನ ಬಣ್ಣ ಒಂದು ತೇಪೆ ಹಾಕಿದಷ್ಟು ಜಾಗದಲ್ಲಿ ಕಪ್ಪಾಗಿ ಕಂಡರೆ ಬಂಗಡೆಯ ಹಿಂಡು. ಗಾಳಿ ಇಲ್ಲದಿದ್ದರೂ ಅಲ್ಲಿ ಮಾತ್ರ ಮಳೆ ಹನಿ ಬಿದ್ದ ಹಾಗೆ ನೀರು ಚಿಟಿಚಿಟಿ ಎನ್ನುತ್ತದೆ.

ನನಗೆ ತುಂಬಾ ಇಷ್ಟವಾದದ್ದು ರಾತ್ರಿಯದು. ಅಮಾವಾಸ್ಯೆಯ ಆಸುಪಾಸು ಕತ್ತಲೆ ಗವ್ ಎನ್ನುತ್ತಿರುತ್ತದೆ. ಕಡಲ ನೀರಿನಲ್ಲಿ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಗಳಿವೆ. ಅಲುಗಾಡಿಸಿದರೆ ಅವು ಮಿಂಚುಹುಳದ ಹಾಗೆ ಬೆಳಗುತ್ತವೆ. ಮೀನಿನ ಹಿಂಡು ಓಡಿದಾಗ ಅದರ ಮೈ ತಾಗಿ ನೀರು ಹೊಳೆಯುತ್ತದೆ. ನಿನ್ನ ವಯಸ್ಸಿನಲ್ಲಿ ಅಜ್ಜ ಒಮ್ಮೆ ನನ್ನನ್ನು ದೋಣಿಯಲ್ಲಿ ಕೂರಿಸಿಕೊಂಡು ಹೋಗಿದ್ದರು. ಹಲಗೆಯನ್ನು ಕಾಲಲ್ಲಿ ಒಂದು ಸಲ ಧಡ್ ಎಂದು ಒದ್ದರು. ಕೆಳಗೆ, ತುಂಬಾ ಕೆಳಗೆ, ಹಸಿರು ಬೆಳಕಿನ ಒಂದು ಚಾಪೆ ಝಗ್ಗನೆ ಹೊತ್ತಿ ಪಕ್ಕಕ್ಕೆ ಸರಿಯಿತು. ಬಂಗಡೆ, ಅಂದರು ಅಜ್ಜ, ಇನ್ನೂ ಸಣ್ಣವು, ಬೆಳಕು ನುಣ್ಣಗಿದೆ ನೋಡು. ಆ ರಾತ್ರಿ ಅವರು ಬಲೆಯವರನ್ನು ಕೂಗಲಿಲ್ಲ. ದೋಣಿ ತಿರುಗಿಸಿದರು.